ಇಂಜಿನ್ನಿಗೆ ಮೂಗು ಕಟ್ಟಿತ್ತು

“ಇಂಜಿನ್ ಹೋಗಿದೆ ಮಾರಾಯ್ರೆ. ಬೋರ್ ಮಾಡಿಸ್ಬೇಕು, ರಿಂಗ್ ಹಾಕ್ಬೇಕು, ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್ನಿಗೆ ಕೊಡ್ಬೇಕು. ಒಂದು ಎಪ್ಪತ್ತು ಸಾವಿರ ಇಟ್ಕೊಳ್ಳಿ.”

ದಡದ ಮೇಲೆ ನಿಂತು, ಹೊಗೆಯ ಬಣ್ಣ ನೋಡಿ, ಐದೇ ನಿಮಿಷದಲ್ಲಿ ಮೆಕ್ಯಾನಿಕ್ ಒಬ್ಬರು ಕೊಟ್ಟ ತೀರ್ಪು ಇದು. ಬೋಟಿನೊಳಗೆ ಕಾಲೂ ಇಟ್ಟಿರಲಿಲ್ಲ. ಹೆಸರು ಬೇಡ, ಟ್ರ್ಯಾಕ್ಟರ್ ವಿಷಯದಲ್ಲಿ ಅವರು ಹುಷಾರೇ. ಆದರೆ ಎಪ್ಪತ್ತು ಸಾವಿರ ಅಂದ ಕೂಡಲೇ ನನಗೆ ಎಲ್ಲಿಲ್ಲದ ಅನುಮಾನ ಶುರುವಾಯಿತು. ಆ ಅನುಮಾನ ಸರಿ ಇತ್ತು ಅಂತ ಹೇಳೋಕೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೋಟಿನ ಕಥೆ. ನಮ್ಮ ತೋಟದ ಒಂದು ತುಂಡು ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಅಜ್ಜ ನಡೆದುಕೊಂಡೇ ಹೋಗಿ ಬರುತ್ತಿದ್ದ ಜಾಗ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಡುವೆ ನೀರು ಬಂತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಓಡಾಟಕ್ಕೆ ತೆರೆದಾಗಿನಿಂದ ಕಂಡವರೆಲ್ಲ “ಸೇತುವೆ ಆಯ್ತಲ್ಲ, ಇನ್ನು ಬೋಟ್ ಯಾಕೆ?” ಅಂತ ಕೇಳುತ್ತಾರೆ. ಅಂಬಾರಗೋಡ್ಲು, ಕಳಸವಳ್ಳಿ ಕಡೆಯವರಿಗೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದ್ದು ನಿಜ. ನಮ್ಮ ತೋಟ ಇರುವುದು ನೀರು ಬೇರೆ ಕಡೆ ಚಾಚಿಕೊಂಡ ಮೂಲೆಯಲ್ಲಿ. ರಸ್ತೆಯಲ್ಲಿ ಸುತ್ತಿ ಹೋದರೆ ಅರ್ಧ ದಿನ ಬೇಕು, ಬೋಟಿನಲ್ಲಿ ಇಪ್ಪತ್ತು ನಿಮಿಷ ಸಾಕು. ಗೊಬ್ಬರದ ಚೀಲ, ಅಡಿಕೆ ಗೊನೆ, ಆಳುಗಳು, ಎಲ್ಲಾ ಅದರಲ್ಲೇ.

ಬೋಟು ತಂದದ್ದು ಹೊನ್ನಾವರದ ಕಡೆಯಿಂದ, ಸೆಕೆಂಡ್ ಹ್ಯಾಂಡ್. ಫೈಬರ್ ಬೋಟು, ಒಳಗೆ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಶರಾವತಿ ಸಮುದ್ರ ಸೇರುವ ಜಾಗದಲ್ಲಿ ಓಡುತ್ತಿದ್ದದ್ದು ಅದೇ ಶರಾವತಿಯ ಮೇಲ್ಗಡೆಗೆ ಬಂತು, ಆದರೆ ಲಾರಿ ಮೇಲೆ ಕೂತು, ಗೇರುಸೊಪ್ಪೆಯ ಘಾಟಿ ಹತ್ತಿ. ಹೊಳೆಯಲ್ಲೇ ತರೋಣ ಅಂದರೆ ನಡುವೆ 830 ಅಡಿ ಎತ್ತರದ ಜೋಗ ಇದೆಯಲ್ಲ. ಬೋಟಿನ ಜೊತೆ ಉಪ್ಪುನೀರು ಕೊಟ್ಟ ಕಾಯಿಲೆಯೂ ಘಾಟಿ ಹತ್ತಿ ಬಂದಿತ್ತು, ಅದು ಗೊತ್ತಾಗೋಕೆ ನಾಲ್ಕು ವರ್ಷ ಬೇಕಾಯಿತು.

ರೋಗದ ಲಕ್ಷಣ ಏನು ಅಂದರೆ, ಮೀಟರಿನಲ್ಲಿ ನಿಮಿಷಕ್ಕೆ 3000 ಸುತ್ತು ಮುಟ್ಟಬೇಕಾದ ಇಂಜಿನ್ 2100ಕ್ಕೇ ನಿಲ್ಲುತ್ತಿತ್ತು. ಆಕ್ಸಿಲೇಟರ್ ಇನ್ನೂ ಎಳೆದರೆ ವೇಗ ಬರುವುದಿಲ್ಲ, ಕಪ್ಪು ಹೊಗೆ ಮಾತ್ರ ಜಾಸ್ತಿ. ಬಿಸಿಯ ಮುಳ್ಳು ಮೊದಲಿಗಿಂತ ಮೇಲೆ. ಹಿಂದಿನ ಕೊಳವೆಯಿಂದ ಚಟ್ ಚಟ್ ಅಂತ ನೀರು ಉಗುಳಬೇಕಾದದ್ದು, ಬರೀ ಆವಿ ಬಿಟ್ಟುಕೊಂಡು ಸ್ವಲ್ಪ ಸ್ವಲ್ಪ ತೊಟ್ಟಿಕ್ಕುತ್ತಿತ್ತು.

ಆದರೆ ಬೆಳಗಿನ ಚಳಿಯಲ್ಲೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿತ್ತು. ಇಂಜಿನ್ ಆಯಿಲ್ ಕಡಿಮೆ ಆಗುತ್ತಿರಲಿಲ್ಲ. ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಗಾಳಿ ಬುಸ್ಸೆಂದು ನುಗ್ಗುತ್ತಿರಲಿಲ್ಲ. ಪಿಸ್ಟನ್ನಿನ ರಿಂಗ್ ಸವೆದಿದ್ದರೆ ಈ ಮೂರರಲ್ಲಿ ಒಂದಾದರೂ ಕೈ ಕೊಡಬೇಕು, ಹೊಗೆ ನೀಲಿ ಇರಬೇಕು, ಅಲ್ವಾ? ನಮ್ಮದು ಅಪ್ಪಟ ಕಪ್ಪು. ಕಪ್ಪು ಹೊಗೆ ಅಂದರೆ ಡೀಸೆಲ್ ಇದೆ, ಅದಕ್ಕೆ ತಕ್ಕ ಗಾಳಿ ಇಲ್ಲ ಅಂತ ಅರ್ಥ. ಗಾಳಿ ಒಳಗೆ ಬರುವ ಫಿಲ್ಟರ್ ತೆಗೆದೇ ಓಡಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಹಾಗಾದರೆ ಹೊರಗೆ ಹೋಗುವ ದಾರಿ?

ಬಚ್ಚಲ ಒಲೆ ಉರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಗೆಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಎಷ್ಟು ಒಣ ಸೌದೆ ತುರುಕಿದರೂ ಬೆಂಕಿ ಹತ್ತುವುದಿಲ್ಲ, ಹೊಗೆ ವಾಪಸ್ ಕಣ್ಣಿಗೇ ಬರುತ್ತದೆ. ಹಳೇ ಹೊಗೆ ಹೊರಗೆ ಹೋಗದೆ ಹೊಸ ಗಾಳಿಗೆ ಒಳಗೆ ಜಾಗ ಎಲ್ಲಿ? ಇಂಜಿನ್ನೂ ಅಷ್ಟೇ.

ಹೊಗೆ ವಾಪಸ್ ಬರುತ್ತಿದ್ದದ್ದೂ ನಿಜ. ಅದು ನಾನು ತಡವಾಗಿ ಗಮನಿಸಿದ ವಿಷಯ, ನೆನೆಸಿಕೊಂಡರೆ ಈಗಲೂ ಹೆದರಿಕೆ ಆಗುತ್ತದೆ. ಮಳೆಗಾಲದಲ್ಲಿ ಬೋಟಿಗೆ ಟಾರ್ಪಾಲ್ ಕಟ್ಟಿರುತ್ತೇವೆ. ಅಕ್ಕನ ಮಗ ಎರಡು ಸಲ ಇಂಜಿನ್ ಪಕ್ಕ ಕೂತು ಬಂದವನು ತಲೆನೋವು, ವಾಕರಿಕೆ ಅಂದ. ತಿಂಡಿ ತಿನ್ನದೆ ಬಂದಿದ್ದೀಯ ಅಂತ ನಾನೇ ಬೈದಿದ್ದೆ. ಆಮೇಲೆ ಟಾರ್ಚ್ ಬಿಟ್ಟು ನೋಡಿದರೆ ಇಂಜಿನ್ನಿಗೆ ಬೆಂಡ್, ಅಂದರೆ ಹೊಗೆ ಹೊರಗೆ ಹೋಗುವ ಬಾಗಿದ ಕೊಳವೆ, ಕೂಡುವ ಜಾಗದಲ್ಲಿ ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಪ್ಯಾಕಿಂಗ್ ಹೋಗಿ ಅಲ್ಲಿಂದ ಹೊಗೆ ಸೋರುತ್ತಿತ್ತು. ಹೊಗೆ ಕಂಡರೆ, ವಾಸನೆ ಬಂದರೆ ಹೇಗೋ ಎದ್ದು ಬರುತ್ತೇವೆ. ಅದರ ಜೊತೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ಸುಮ್ನೆ ನಿದ್ದೆ ಬರಿಸಿ ಕೊಲ್ಲುತ್ತದೆ. ಅವತ್ತೇ ಟಾರ್ಪಾಲ್ ಬಿಚ್ಚಿಸಿದೆ. ಬೋಟಿನಲ್ಲಿ ಯಾರಿಗಾದರೂ ಪದೇ ಪದೇ ತಲೆನೋವು ಬಂದರೆ ತಿಂಡಿ ವಿಚಾರಿಸಬೇಡಿ, ಸೈಲೆನ್ಸರ್ ನೋಡಿ.

ಸೈಲೆನ್ಸರ್ ಅಂದೆ, ಆದರೆ ಇದು ದೋಣಿಗೆ ಕಟ್ಟಿದ ಪಂಪ್‌ಸೆಟ್ ಇಂಜಿನ್ನಿನ ಥರ ಆಕಾಶಕ್ಕೆ ನಿಂತ ಕೊಳವೆ ಅಲ್ಲ. ಲೋಡ್ ಬಿದ್ದಾಗ ಡೀಸೆಲ್ ಇಂಜಿನ್ನಿನ ಹೊಗೆ 400 ಡಿಗ್ರಿ ದಾಟುತ್ತದೆ, ಅಷ್ಟು ಬಿಸಿ ಕೊಳವೆಯನ್ನು ಫೈಬರ್ ಬೋಟಿನೊಳಗೆ ಹಿಂದಿನ ತನಕ ಎಳೆಯುವಂತಿಲ್ಲ. ಅದಕ್ಕೆ ಒಂದು ಸಣ್ಣ ಪಂಪು ಹೊಳೆಯ ನೀರು ಎಳೆದು, ಇಂಜಿನ್ನಿನ ಬಿಸಿ ತೆಗೆದುಕೊಂಡ ಮೇಲೆ ಅದೇ ನೀರನ್ನು ಹೊಗೆಯೊಳಗೆ ಸುರಿಯುತ್ತದೆ. ಸುರಿಯುವ ಜಾಗವೇ ಈ ಬೆಂಡು. ತಣ್ಣಗಾದ ಹೊಗೆ ನೀರಿನ ಜೊತೆ ರಬ್ಬರ್ ಹೋಸಿನಲ್ಲಿ ಇಳಿದು, ಕೆಳಗಿನ ಒಂದು ಡಬ್ಬಕ್ಕೆ ಬಿದ್ದು, ಅಲ್ಲಿಂದ ಹೊಗೆಯ ಒತ್ತಡಕ್ಕೇ ಮೇಲೆದ್ದು ಹಿಂದಿನ ತೂತಿನಿಂದ ಹೊರಗೆ ಹೋಗುತ್ತದೆ. ಒಂದು ಬದಿಯಲ್ಲಿ ಬೆಂಕಿ, ಇನ್ನೊಂದು ಬದಿಯಲ್ಲಿ ನೀರು, ನಡುವೆ ಒಂದು ಗೇಣು ಬೀಡು ಕಬ್ಬಿಣ. ಇಡೀ ಇಂಜಿನ್ನಿನಲ್ಲಿ ಅದರಷ್ಟು ಕಷ್ಟಪಡುವ ಸಾಮಾನು ಇನ್ನೊಂದಿಲ್ಲ, ಅದನ್ನು ಬಿಚ್ಚಿ ನೋಡುವವರೂ ಇಲ್ಲ.

ಬಿಚ್ಚೋಕೆ ನಾಲ್ಕೇ ನಟ್ಟು. ಅಬ್ಬಾ, ಆ ನಾಲ್ಕು ನಟ್ಟು! ಅದಕ್ಕೂ ಮುಂಚೆ, ಹಳೇ ಮಾಲೀಕರು ಬೆಂಡಿಗೆ ಬಿಳಿ ಹಗ್ಗ ಸುತ್ತಿದ್ದರು. ಅದು ಕಲ್ನಾರಿನದು (ಆಸ್ಬೆಸ್ಟಾಸ್) ಇರಬಹುದು ಅಂತ ನೀರು ಚಿಮುಕಿಸಿ, ಪೂರ್ತಿ ನೆನೆಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಬಿಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಅದರ ಪುಡಿ ಎದೆಗೆ ಹೋಗಬಾರದು. ಆಮೇಲೆ ಮೂರು ದಿನ, ಹಸುವಿಗೆ ಹಿಂಡಿ ಇಟ್ಟ ಹಾಗೆ, ಬೆಳಿಗ್ಗೆ ಸಂಜೆ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ. ಡೀಸೆಲ್ ಪೈಪು ಬಿಚ್ಚಿ ದೂರ ಇಟ್ಟು, ಒದ್ದೆ ಗೋಣಿ ಹಾಸಿ, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಗ್ಯಾಸ್ ಟಾರ್ಚಿನಿಂದ ಒಂದೊಂದೇ ಕಾಯಿಸಿದೆ. ಪಾನಾ ಹಾಕಿ ಒಂದೇ ಕಡೆ ಬಲ ಹಾಕಬಾರದು, ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಮೂರು ಬಂದವು. ನಾಲ್ಕನೆಯದು ಇನ್ನೇನು ಬಂತು ಅನ್ನುವಷ್ಟರಲ್ಲಿ ಕೈಗೆ ಮೆತ್ತಗೆ ಅನ್ನಿಸಿತು. ಬೆಣ್ಣೆಯಲ್ಲಿ ಚಮಚ ತಿರುಗಿಸಿದ ಹಾಗೆ. ಈ ಕೆಲಸ ಮಾಡಿದವರಿಗೆ ಆ ಮೆತ್ತಗೆ ಅಂದರೆ ಏನು ಅಂತ ಗೊತ್ತು. ನಟ್ಟು ಕೂತಿದ್ದ ತಿರುಪಿನ ಕಡ್ಡಿ, ಸ್ಟಡ್, ಮುರಿದು ಪಾನಾ ಜೊತೆ ನಾನೂ ಹಿಂದಕ್ಕೆ ಬಿದ್ದೆ.

“ಮಾವ, ಡ್ರಿಲ್ ಹಾಕೋಣ್ವಾ?” ಅಂದ ಹುಡುಗ. ಬೇಡ ಅಂದೆ. ಮುರಿದ ಸ್ಟಡ್ಡಿಗೆ ಕೈಯಲ್ಲಿ ಡ್ರಿಲ್ ಹಿಡಿದರೆ ಬಿಟ್ ಜಾರಿ ಪಕ್ಕದ ಮೆತ್ತನೆ ಬೀಡು ತಿನ್ನುತ್ತದೆ. ಬೆಂಡು ಕೂರುವ, ಸಿಲಿಂಡರಿನ ಹೊಗೆ ಸೇರುವ ಮ್ಯಾನಿಫೋಲ್ಡನ್ನೇ ಬಿಚ್ಚಿ, ಬೈಕಿಗೆ ಕಟ್ಟಿ ಸಾಗರದ ಲೇತಿನ ಆಚಾರ್ರ ಹತ್ತಿರ ಹೋದೆ. ಅವರು ಮುರಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೇ ವೆಲ್ಡಿಂಗ್ ತುಂಬಿಸಿ, ಕೆಂಪು ಇಳಿಯುವ ತನಕ ಎಲೆ ಅಡಿಕೆ ಹಾಕಿಕೊಂಡು ಕೂತರು. ಆಮೇಲೆ ಪಾನಾ ಹಾಕಿದರೆ ಸ್ಟಡ್ಡು ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಾಗೆ ತಿರುಗಿ ಬಂತು. “ಇದಕ್ಕೆ ಮೂರು ದಿನ ಸ್ಪ್ರೇ ಹೊಡೆದ್ರಾ?” ಅಂತ ನಕ್ಕರು. ನಗಲಿ.

ಬೆಂಡಿನೊಳಗೆ ನೋಡಿದಾಗ ನಗು ಅವರಿಗೂ ನಿಂತಿತು. ಎರಡು ಇಂಚಿನ ದಾರಿ ಅದು. ನನ್ನ ಕಿರುಬೆರಳು ಹೋಗಲಿಲ್ಲ. ಇಂಜಿನ್ ಕಡೆ ಒಣ ಮಸಿ, ಗಟ್ಟಿಯಾಗಿ ಕಲ್ಲಿದ್ದಲಿನಂತೆ. ನೀರು ಸೇರುವ ಜಾಗದಲ್ಲಿ ತುಕ್ಕು ಪದರ ಪದರವಾಗಿ ಎದ್ದು, ಅದರ ಮೇಲೆ ಮತ್ತೆ ಮಸಿ ಕೂತು, ಹಳೇ ಗೋಡೆಯ ಸುಣ್ಣದ ಚಕ್ಕೆ ಥರ ಒಳಕ್ಕೆ ಬಾಗಿಕೊಂಡಿತ್ತು. ನೀರಿನ ತೂತುಗಳಲ್ಲಿ ಮುಕ್ಕಾಲು ಮುಚ್ಚಿ ಹೋಗಿದ್ದವು. ಉಪ್ಪುನೀರು ಶುರು ಮಾಡಿದ ಕೆಲಸ, ಮುಗಿಸಿದ್ದು ಇಲ್ಲಿ ನಾನು. ಗೊನೆ ತುಂಬುವಾಗ ಅರ್ಧರ್ಧ ಗಂಟೆ ಇಂಜಿನ್ ಸುಮ್ನೆ ಓಡುತ್ತಾ ಬಿಡುವುದು ನಮ್ಮ ಅಭ್ಯಾಸ, ಮತ್ತೆ ಸೆಲ್ಫ್ ಹೊಡೆಯೋಕೆ ಸೋಮಾರಿತನ. ಲೋಡಿಲ್ಲದೆ ಓಡುವ ಡೀಸೆಲ್ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಜಿಗುಟು ಮಸಿ ಕಟ್ಟುತ್ತದೆ.

ಬೆಂಡನ್ನೇ ತೊಳೆದು ಹಾಕೋಣ ಅಂತ ನನ್ನ ಮೊದಲ ಲೆಕ್ಕ. ಹೊಸದಕ್ಕೆ ಫೋನಿನಲ್ಲಿ ಬೆಲೆ ಕೇಳಿದ್ದೆ, 38,000 ಅಂದಿದ್ದರು. ಮಸಿ ಆಸಿಡ್ಡಿಗೆ ಕರಗುವುದಿಲ್ಲ, ಅದನ್ನು ಸುಡಬೇಕು. ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲ ಒಲೆಯ ಕೆಂಡದಲ್ಲಿ ಹೂತಿಟ್ಟೆ. “ಅದೇನ್ರೀ ಒಲೆಯಲ್ಲಿ, ಗೆಣಸಾ?” ಅಂತ ಹೆಂಡತಿ ಬಂದು ನೋಡಿ, ಮೂಗು ಮುಚ್ಚಿಕೊಂಡು ವಾಪಸ್ ಹೋದಳು. ಕೆಂಪಗೆ ಕಾದದ್ದನ್ನು ಬೂದಿಯಲ್ಲೇ ಬೆಳಗಿನ ತನಕ ಬಿಟ್ಟೆ. ಬಿಸಿ ಬೀಡಿನ ಮೇಲೆ ನೀರು ಸುರಿದರೆ ಬಿರುಕು ಗ್ಯಾರಂಟಿ. ಬೆಳಿಗ್ಗೆ ಚಾಣದಿಂದ ತಟ್ಟಿದರೆ ಮಸಿ ಒಣ ಮಣ್ಣಿನ ಹಾಗೆ ಉದುರಿತು. ತುಕ್ಕಿಗೆ ಬಾತ್‌ರೂಮ್ ತೊಳೆಯುವ ಆಸಿಡ್, ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಅಂಗಳದ ಆ ಕಡೆ, ಗಾಳಿ ನೋಡಿಕೊಂಡು. ಮೊದಲು ನೀರು, ಆಮೇಲೆ ಅದಕ್ಕೆ ಆಸಿಡ್. ಉಲ್ಟಾ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದೆ.

ಹೊಸದರ ಥರ ಆಯಿತು ಅಂತ ಬಿಸಿಲಿಗೆ ಹಿಡಿದೆ. ಒಳಗಿಂದ ಬೆಳಕು ಕಂಡಿತು. ಸಾಸಿವೆ ಕಾಳಿನಷ್ಟು ಎರಡು ತೂತು, ಅದರ ಸುತ್ತ ಕಾಗದದಷ್ಟು ತೆಳ್ಳಗೆ. ಇಷ್ಟು ದಿನ ಮಸಿಯೇ ಅಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿತ್ತು. ಆಚಾರ್ರು ಸುತ್ತಿಗೆಯಿಂದ ಸಣ್ಣಗೆ ಬಡಿದು ನೋಡಿದರು. ಗಟ್ಟಿ ಬೀಡು ಗಂಟೆಯಂತೆ ಕೇಳಬೇಕು, ಇದು ಒಡಕು ಮಡಕೆಯ ಸದ್ದು ಮಾಡಿತು. “ಇದಕ್ಕೆ ವೆಲ್ಡಿಂಗ್ ಹಿಡಿಯಲ್ಲ ರಾಯ್ರೆ. ಒಂದು ಮುಚ್ಚಿದ್ರೆ ಪಕ್ಕದಲ್ಲಿ ಇನ್ನೊಂದು. ಬಿಟ್ಹಾಕಿ.”

ಊರಿನಲ್ಲಿ ಸಲಹೆಗೇನು ಬರ. ಜಿಐ ಪೈಪಿನ ಬೆಂಡ್ ಹಾಕು ಅಂದರು ಒಬ್ಬರು. ಜಿಐ ಮೇಲಿನ ಸತು ಈ ಬಿಸಿಗೆ ನಿಲ್ಲುವುದಿಲ್ಲ, ವೆಲ್ಡ್ ಮಾಡಿದರೆ ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ಕೊನೆಗೆ ಸ್ಟೀಲಿನಲ್ಲೇ ಮಾಡಿಸುವುದು ಅಂತ ತೀರ್ಮಾನ ಆಯಿತು. 316 ಅನ್ನುವ ಜಾತಿಯ ದಪ್ಪ ಪೈಪು, ಆರ್ಗಾನ್ ವೆಲ್ಡಿಂಗ್. ಅದಕ್ಕೆ 70 ಕಿಲೋಮೀಟರ್ ಮೇಲೆ ಶಿವಮೊಗ್ಗಕ್ಕೆ ಹೋಗಬೇಕು. ಫೌಂಡ್ರಿ, ಲೇತು ಅಂದರೆ ಶಿವಮೊಗ್ಗದಲ್ಲಿ ಕೊರತೆ ಇಲ್ಲ, ಮಾಚೇನಹಳ್ಳಿ ಕಡೆ ಹೋದರೆ ಬೇಕಾದದ್ದು ಸಿಗುತ್ತದೆ.

ಹಳೇ ಬೆಂಡ್ ಕೊಟ್ಟು ಹೀಗೇ ಬೇಕು ಅಂದೆ. ಊಟ ಮಾಡಿ ಬಂದು ನೋಡಿದರೆ ವೆಲ್ಡರ್ ಹುಡುಗ ನೀರಿನ ನಳಿಕೆಯನ್ನು ಪೈಪಿಗೆ ನೆಟ್ಟಗೆ, ಅಡ್ಡಡ್ಡ ಕೂರಿಸಿದ್ದ. ನೋಡೋಕೆ ಚೆಂದ. ಆದರೆ ಹಾಗೆ ಇದ್ದರೆ ನೀರು ಎದುರು ಗೋಡೆಗೆ ಬಡಿದು ಅರ್ಧ ಇಂಜಿನ್ ಕಡೆಗೇ ಹಾರುತ್ತದೆ. ನಳಿಕೆ ವಾಲಿಕೊಂಡು ಹೊಗೆ ಹೋಗುವ ದಿಕ್ಕಿಗೆ ಮುಖ ಮಾಡಿರಬೇಕು, ನೀರು ಬೀಳುವ ಜಾಗ ಬೆಂಡಿನ ನೆತ್ತಿ ದಾಟಿ ಇಳಿಜಾರಿನಲ್ಲಿರಬೇಕು. ಮನೆಯ ಮಾಡಿಗೂ ಇದೇ ಲೆಕ್ಕ, ಹಂಚಿನ ನೀರು ಒಳಗೆ ಬರಬಾರದು ಅಂದರೆ ಇಳಿಜಾರು ಬೇಕು. ಟ್ಯಾಕ್ ಮಾತ್ರ, ಅಂದರೆ ಚುಕ್ಕೆ ವೆಲ್ಡಿಂಗ್ ಮಾತ್ರ ಹೊಡೆದಿದ್ದ, ಪುಣ್ಯ. ಬೇಜಾರು ಮಾಡಿಕೊಳ್ಳದೆ ಕಿತ್ತು ಓರೆಯಾಗಿ ಕೂರಿಸಿಕೊಟ್ಟ. ಇಂಜಿನ್ನಿಗೆ ಕೂರುವ ಚಪ್ಪಟೆ ಅಂಚು, ಫ್ಲಾಂಜಿನ ಪಕ್ಕದಲ್ಲಿ, ನೀರು ಸೇರುವುದಕ್ಕೆ ಮುಂಚಿನ ಒಣ ಜಾಗದಲ್ಲಿ, ಒಂದು ಸಣ್ಣ ತೂತು ಕೊರೆದು ಟ್ಯಾಪ್ ಹೊಡೆದು ಬೋಲ್ಟ್ ಹಾಕಿಸಿದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹೋಸಿನ ವಿಷಯದಲ್ಲಿ ಲಾರಿ ರೇಡಿಯೇಟರ್ ಹೋಸ್ ಹಾಕಿ ಮುಗಿಸೋಣ ಅಂತ ಮನಸ್ಸು ಬಂದಿತ್ತು. ಬೇಡ. ಮಲ್ಪೆಯಿಂದ, ಒಳಗೆ ತಂತಿ ಸುತ್ತಿದ ಬೋಟ್ ಎಕ್ಸಾಸ್ಟ್ ಹೋಸನ್ನೇ ಬಸ್ ಪಾರ್ಸೆಲ್ಲಿನಲ್ಲಿ ತರಿಸಿದೆ. ಪ್ರತಿ ತುದಿಗೆ ಎರಡೆರಡು ಕ್ಲಿಪ್. ಸ್ಟೀಲ್ ಕ್ಲಿಪ್ ಅಂತ ಕೊಡುವುದರಲ್ಲಿ ಪಟ್ಟಿ ಮಾತ್ರ ಸ್ಟೀಲು, ತಿರುಪು ಕಬ್ಬಿಣ ಇರುತ್ತದೆ. ಅಂಗಡಿಗೆ ಅಯಸ್ಕಾಂತ ಒಯ್ದೆ. ತಿರುಪಿಗೆ ಗಟ್ಟಿಯಾಗಿ ಕಚ್ಚಿಕೊಂಡದ್ದೆಲ್ಲ ವಾಪಸ್. ಅಂಗಡಿಯವರ ಮುಖ ನೋಡಬೇಕಿತ್ತು.

ಜೋಡಿಸಿದ್ದು ಅರ್ಧ ದಿನದ ಕೆಲಸ, ಹೆಚ್ಚು ಹೇಳೋಕಿಲ್ಲ. ಪ್ಯಾಕಿಂಗ್ ಶೀಟನ್ನು ಫ್ಲಾಂಜಿನ ಮೇಲಿಟ್ಟು ಅಂಚಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ತಾನಾಗಿ ಕತ್ತರಿಸಿಕೊಳ್ಳುತ್ತದೆ. ಮಜಾ ಬಂದದ್ದು ಸ್ಟಾರ್ಟ್ ಮಾಡುವಾಗ. ಡೀಸೆಲ್ ಪೈಪು ಬಿಚ್ಚಿದ್ದರಿಂದ ಗಾಳಿ ಹೊಕ್ಕಿತ್ತು, ಇಂಜಿನ್ ಹಿಡಿಯಲಿಲ್ಲ. ನಾನು ಉತ್ಸಾಹದಲ್ಲಿ ಸೆಲ್ಫ್ ಮೇಲೆ ಸೆಲ್ಫ್. ಐದನೆಯದೋ ಆರನೆಯದೋ ಇರಬೇಕು, ಸ್ಟಾರ್ಟರಿನ ಸದ್ದು ಯಾಕೋ ಭಾರ ಅನ್ನಿಸಿತು.

“ಮಾವ, ನಿಲ್ಸಿ! ನೀರಿನ ವಾಲ್ವ್!”

ನಿಲ್ಲಿಸಿದೆ. ಇಂಜಿನ್ ಹಿಡಿಯದಿದ್ದರೂ ಸೆಲ್ಫ್ ಹೊಡೆದಾಗೆಲ್ಲ ಪಂಪು ನೀರು ತಳ್ಳುತ್ತಲೇ ಇರುತ್ತದೆ, ಆದರೆ ಆ ನೀರನ್ನು ಹೊರಗೆ ದಬ್ಬೋಕೆ ಹೊಗೆ ಇಲ್ಲ. ಡಬ್ಬ ತುಂಬಿ, ಹೋಸ್ ತುಂಬಿ, ಬೆಂಡ್ ಹತ್ತಿ, ಕೊನೆಗೆ ಸಿಲಿಂಡರಿಗೇ ಇಳಿಯುತ್ತದೆ. ಪಿಸ್ಟನ್ ನೀರನ್ನು ಒತ್ತೋಕೆ ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆಗ ಎಪ್ಪತ್ತು ಸಾವಿರ ನಿಜವಾಗಿಯೂ ಬೇಕಾಗುತ್ತಿತ್ತು. ಹೊಳೆಯ ನೀರು ಪಂಪಿಗೆ ಬರುವ ವಾಲ್ವ್ ಬಂದ್ ಮಾಡಿ ಡಬ್ಬದ ಕೆಳಗಿನ ತಿರುಪು ಬಿಚ್ಚಿದರೆ ಮುಕ್ಕಾಲು ಬಕೆಟ್ ನೀರು. ಡೀಸೆಲ್ ಪೈಪಿನ ಗಾಳಿ ತೆಗೆದು, ಇಂಜಿನ್ ಹಿಡಿದ ತಕ್ಷಣ ವಾಲ್ವ್ ತೆರೆದೆವು. ತಡ ಮಾಡಿದರೆ ನೀರಿಲ್ಲದೆ ಪಂಪಿನ ರಬ್ಬರ್ ರೆಕ್ಕೆ ಸುಟ್ಟು ಹೋಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಕಣ್ಣಿಗೆ ಬಿತ್ತು. ಇಂಜಿನ್ ನಿಂತ ಮೇಲೆ ಹೊಳೆಯ ನೀರು ತಾನಾಗಿ ಎಳೆದುಕೊಂಡು ಒಳಗೆ ಬರದಿರಲಿ ಅಂತ ನೀರಿನ ಪೈಪನ್ನು ಎತ್ತರಕ್ಕೆ ಬಾಗಿಸಿ ನೆತ್ತಿಯಲ್ಲಿ ಒಂದು ಗಾಳಿಯ ತೂತು ಇಟ್ಟಿರುತ್ತಾರೆ. ನಮ್ಮದರಲ್ಲಿ ಆ ತೂತಿಗೆ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಸಂಸಾರ ಹೂಡಿತ್ತು. ಎಷ್ಟು ತಿಂಗಳಿಂದ ಅಂತ ಆ ಹುಳಕ್ಕೇ ಗೊತ್ತು. ಪಿನ್ನಿನಿಂದ ಬಿಡಿಸಿ ಸೊಳ್ಳೆಪರದೆಯ ತುಂಡು ಕಟ್ಟಿದೆ.

ಇನ್ನು ಆ ಬೋಲ್ಟಿನ ತೂತು. ಮನೆ ಕಟ್ಟುವ ಮೇಸ್ತ್ರಿಗಳ ಹತ್ತಿರ ಲೆವೆಲ್ ನೋಡುವ ಪಾರದರ್ಶಕ ಪೈಪ್ ಇರುತ್ತದಲ್ಲ, ಅದನ್ನು ಯು ಆಕಾರಕ್ಕೆ ಹಲಗೆಗೆ ಕಟ್ಟಿ ನೀರು ತುಂಬಿಸಿದೆ. ಬೋಲ್ಟ್ ತೆಗೆದು ಆ ಜಾಗಕ್ಕೆ ಮೊದಲು ಒಂದು ಮೊಳ ತಾಮ್ರದ ಸಣ್ಣ ಪೈಪು, ಅದರ ತುದಿಗೆ ಈ ಲೆವೆಲ್ ಪೈಪು. ನೇರ ಪ್ಲಾಸ್ಟಿಕ್ ಹಾಕಿದರೆ ಕರಗುತ್ತದೆ. ಇಂಜಿನ್ ಫುಲ್ ಲೋಡಿನಲ್ಲಿ ಓಡುವಾಗ ಒಂದು ಕಡೆ ನೀರು ಎಷ್ಟು ಇಳಿದು ಇನ್ನೊಂದು ಕಡೆ ಎಷ್ಟು ಏರುತ್ತದೋ ಆ ಅಂತರವೇ ಹೊಗೆಯ ಮೇಲಿರುವ ಒತ್ತಡ. ಎಷ್ಟರೊಳಗೆ ಇರಬೇಕು ಅಂತ ಇಂಜಿನ್ನಿನ ಪುಸ್ತಕದಲ್ಲೇ ಇರುತ್ತದೆ. ನಮ್ಮದು ಒಂದು ಗೇಣಿಗಿಂತ ಚೂರು ಜಾಸ್ತಿ ಬಂತು, ಪುಸ್ತಕದ ಮಿತಿಯ ಅರ್ಧವೂ ಇಲ್ಲ. ಹುಡುಗ ಹಲಗೆ ಹಿಡಿದು ಕೂತಿದ್ದ, ನಾನು ಹಿನ್ನೀರಿನಿಂದ ಎದ್ದು ನಿಂತ ಹಳೇ ಮರದ ಬೊಡ್ಡೆಗಳನ್ನು ತಪ್ಪಿಸಿಕೊಂಡು ಬೋಟು ಓಡಿಸುತ್ತಿದ್ದೆ. ಮೀಟರ್ 2900 ದಾಟಿತು. ಹಿಂದೆ ತಿರುಗಿದರೆ ಹೊಗೆಯೇ ಇಲ್ಲ, ಬೆಳ್ಳಗೆ ನೀರು ಮಾತ್ರ.

ಸ್ಟೀಲ್, ವೆಲ್ಡಿಂಗ್, ಹೋಸ್, ಕ್ಲಿಪ್, ಬಸ್ ಚಾರ್ಜ್, ಶಿವಮೊಗ್ಗದ ಊಟ, ಎಲ್ಲಾ ಸೇರಿ 13,000 ಚಿಲ್ಲರೆ ಆಯಿತು. ಮೆಕ್ಯಾನಿಕ್ ಮೊನ್ನೆ ಲಾಂಚ್ ಕಟ್ಟೆ ಹತ್ತಿರ ಸಿಕ್ಕಿ, “ಬೋರ್ ಎಲ್ಲಿ ಮಾಡಿಸಿದ್ರಿ, ಚೆನ್ನಾಗಾಗಿದೆ” ಅಂದರು. ಬೆಂಡಿನ ಕಥೆ ಹೇಳಿದೆ. ಪೂರ್ತಿ ಕೇಳಿ, ನಟ್ಟು ಒಂದು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿ ಮಾಡಿದ್ರಾ ಅಂತ ಕೇಳಿದರು. ಮಾಡಿರಲಿಲ್ಲ. ಸಂಜೆ ಹೋಗಿ ನೋಡಿದರೆ ನಾಲ್ಕೂ ಕಾಲು ಸುತ್ತು ತಿರುಗಿದವು. ಡಬ್ಬದ ಕಡೆಯ ಕ್ಲಿಪ್ಪಿನಲ್ಲಿ ಇನ್ನೂ ನಿಮಿಷಕ್ಕೊಂದು ಹನಿ ಬೀಳುತ್ತಿದೆ. ಹೋಸಿನ ತುದಿ ಓರೆಯಾಗಿ ಕೊಯ್ದಿದ್ದೇನೆ ಅಂತ ಕಾಣುತ್ತದೆ. ಭಾನುವಾರ ಬಿಚ್ಚಿ ನೆಟ್ಟಗೆ ಕೊಯ್ಯಬೇಕು. ಅಲ್ಲಿಯ ತನಕ ಕೆಳಗೆ ಒಂದು ತೆಂಗಿನ ಗರಟೆ ಇಟ್ಟಿದ್ದೇನೆ.